ಪಂಜ ದಾಟಿದರೆ ನಿಲ್ಲುವ ಬೈಕು

ಬೈಕು ಸುಳ್ಳು ಹೇಳುವುದಿಲ್ಲ, ಅದಕ್ಕೆ ಬಾಯಿ ಇಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಬಾಯಿ ಇರುವ ಗಂಡನೇ ಎಂಬ ತೀರ್ಮಾನಕ್ಕೆ ಶರ್ಮಿಳಾ ಬಂದು ಕೆಲವು ವಾರಗಳಾಗಿದ್ದವು. ಅಂದಿನಿಂದ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಗಂಡ ಹರ್ಷಿತ ಎದುರಿಗೆ ಕೂತು ಗಂಜಿ ಕುಡಿಯುವಾಗ ಅವಳು ಅವನ ಮುಖವನ್ನು ಮೀಟರ್ ನೋಡಿದ ಹಾಗೆ ನೋಡುತ್ತಿದ್ದಳು, ಮುಳ್ಳು ಎಲ್ಲಾದರೂ ಒಂಚೂರು ಅಲ್ಲಾಡುತ್ತದೋ ಎಂದು. ಅವನೋ ಉಪ್ಪಿನಕಾಯಿ ನೆಕ್ಕಿಕೊಂಡು ಹಾಯಾಗಿ ಉಣ್ಣುತ್ತಿದ್ದ. ಇಂಥ ನೆಮ್ಮದಿಯ ಊಟ ತಪ್ಪಿಲ್ಲದವನಿಗೆ ಮಾತ್ರ ಸಾಧ್ಯ, ಇಲ್ಲವೇ ಪಳಗಿದ ಕಳ್ಳನಿಗೆ. ಇವನು ಇಬ್ಬರಲ್ಲಿ ಯಾರು ಎನ್ನುವುದೇ ಅವಳಿಗೆ ಬಗೆಹರಿಯುತ್ತಿರಲಿಲ್ಲ.

ಹರ್ಷಿತನದ್ದು ತೋಟಗಳಿಗೆ ನೀರಿನ ಪೈಪು ಜೋಡಿಸುವ ಕೆಲಸ. ಬೆಳಿಗ್ಗೆ ಅಜ್ಜಾವರದ ಮನೆಯಿಂದ ಹೊರಟು, ಹೆಂಡತಿಯನ್ನು ಸುಳ್ಯ ಪೇಟೆಯಲ್ಲಿ ಇಳಿಸಿ, ಬೆಳ್ಳಾರೆ ಕಡೆಗೆ ಹೋಗುವುದು ರೂಢಿ. ಹೀಗೆ ಇಬ್ಬರೂ ಒಟ್ಟಿಗೆ ಹೋದ ದಿನ ಬೈಕು ಒಮ್ಮೆಯಾದರೂ ಕೆಮ್ಮಿದ್ದಿಲ್ಲ. ಆದರೆ ವಾರದಲ್ಲಿ ಒಂದು ದಿನ ಅವನಿಗೆ ಕಡಬದಲ್ಲಿ ಕೆಲಸ ಬೀಳುತ್ತಿತ್ತು. ಆ ದಿನ ತಾನು ತಡವಾಗಿ ಹೊರಡುವುದು, ನೀನು ಜೀಪಿನಲ್ಲಿ ಹೋಗು ಎನ್ನುತ್ತಿದ್ದ. ಬೈಕು ಕೈಕೊಡುವುದು ಸರಿಯಾಗಿ ಆ ದಿನವೇ. ಪಂಜ ದಾಟಿ ಕಡಬದ ದಾರಿ ಹಿಡಿದ ಮೇಲೆ ಒಂದು ಇಳಿಜಾರು ಉಂಟಂತೆ, ಅದರ ಬುಡದಲ್ಲಿ ಒಂದು ಮೋರಿಯಂತೆ, ಮೋರಿಯ ಉಬ್ಬು ಹಾರಿದ ಕೂಡಲೇ ಗಾಡಿ ಸತ್ತುಹೋಗುತ್ತದಂತೆ. ಲೈಟಿಲ್ಲ, ಹಾರ್ನಿಲ್ಲ, ಸೆಲ್ಫ್ ಇಲ್ಲ. ಬೈಕಿನ ವಯರಿಗೆ ಸಿಕ್ಕಿಸಿದ ಮೊಬೈಲಿಗೂ ಚಾರ್ಜ್ ಇಲ್ಲ, ಹಾಗಾಗಿ ಅದೂ ಸ್ವಲ್ಪ ಹೊತ್ತಿನಲ್ಲಿ ಸ್ವಿಚ್ ಆಫ್. ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು ಅವನು ಹೇಳುತ್ತಿದ್ದದ್ದು ಒಂದೇ ಮಾತು, ಫ್ಯೂಸ್ ಹೋಯಿತು ಎಂದು.

ಬೇರೆ ಹೆಂಗಸಿನ ಮುಂದೆ ಈ ಮಾತು ನಡೆಯುತ್ತಿತ್ತೋ ಏನೋ. ಶರ್ಮಿಳಾ ಸುಳ್ಯದ ಒಂದು ಅಂಗಡಿಯಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವವಳು. ದಿನವಿಡೀ ತಾಮ್ರದ ತಂತಿಯ ಜೊತೆಗೇ ಅವಳ ಸಂಸಾರ. ಫ್ಯೂಸ್ ಸುಮ್ಮಸುಮ್ಮನೆ ಹೋಗುವ ವಸ್ತುವಲ್ಲ, ಎಲ್ಲೋ ಒಂದು ಕಡೆ ಕರೆಂಟು ಹೋಗಬಾರದ ದಾರಿಯಲ್ಲಿ ಹೋದರೆ ಮಾತ್ರ ಅದು ಪ್ರಾಣ ಕೊಡುವುದು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮತ್ತೆ, ಫ್ಯೂಸ್ ಬದಲಿಸಲು ಐದು ನಿಮಿಷ ಸಾಕು. ಉಳಿದ ಹೊತ್ತು ಇವನು ಎಲ್ಲಿದ್ದ?

ಸಂಶಯಕ್ಕೆ ಬೇರೆ ಗೊಬ್ಬರವೂ ಬೀಳುತ್ತಿತ್ತು. ಕಡಬಕ್ಕೆ ಹೋಗಿ ಬಂದ ದಿನ ಅವನ ಚೀಲಕ್ಕೆ ಕೋಳಿ ಸಾರಿನ ವಾಸನೆ. ಕರಿಮೆಣಸು ಹುರಿದು ಅರೆದ, ತೆಂಗಿನಕಾಯಿ ಕೆಂಪಗೆ ಹುರಿದ, ಮನೆಯಲ್ಲಿ ಪ್ರೀತಿಯಿಂದ ಮಾಡಿದ ಸಾರಿನ ವಾಸನೆ. ಹೋಟೆಲಿನ ಸಾರಿಗೆ ಆ ವಾಸನೆ ಎಲ್ಲಿಂದ ಬರಬೇಕು? ಯಾರೋ ಇವನನ್ನು ಕೂರಿಸಿ ಬಡಿಸುತ್ತಿದ್ದಾಳೆ ಎಂದು ಅವಳು ಆ ಚೀಲವನ್ನು ಎರಡೆರಡು ಸಲ ಒಗೆಯುತ್ತಿದ್ದಳು. ಅತ್ತೆ ದುಗ್ಗಮ್ಮನ ನಡವಳಿಕೆಯೂ ಸರಿ ಇರಲಿಲ್ಲ. ಮಗ ಚಪ್ಪಲಿ ಅಡ್ಡ ಬಿಟ್ಟರೆ ಊರಿಗೆ ಕೇಳುವ ಹಾಗೆ ಬೈಯುವ ಮುದುಕಿ, ಈ ಒಂದು ವಿಷಯದಲ್ಲಿ ಮಗನ ವಕೀಲೆ. ಪಾಪ, ಹಳೆಯ ಗಾಡಿ, ಅವನಾದರೂ ಎಂತ ಮಾಡುವುದು ಎನ್ನುತ್ತಿದ್ದಳು. ಅದು ಸಾಲದೆಂಬಂತೆ ಗೂಡಿನ ಕೋಳಿಗಳು ಬೇರೆ ಕಡಿಮೆಯಾಗುತ್ತಿದ್ದವು. ಕೇಳಿದರೆ ಕಬ್ಬೆಕ್ಕು ಹಿಡಿಯಿತು ಎಂಬ ಉತ್ತರ. ಅವಳಿಗೆ ಗಂಡನ ಚಿಂತೆಯೇ ಸಾಕಷ್ಟಿದ್ದದ್ದರಿಂದ ಕಬ್ಬೆಕ್ಕಿನ ಬೆನ್ನು ಹತ್ತಲಿಲ್ಲ.

ಅವಳ ಹೆದರಿಕೆಗೆ ಒಂದು ಹಳೆಯ ಬೇರು ಇತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ಪುತ್ತೂರಿನ ಆಸ್ಪತ್ರೆಗೆ ಹೋಗಿ ಬಂದಾಗಲೆಲ್ಲ ಡಾಕ್ಟರು ಇಬ್ಬರಲ್ಲೂ ದೋಷ ಇಲ್ಲ ಎಂದೇ ಹೇಳುತ್ತಿದ್ದರು. ದೋಷ ಇಲ್ಲದೆ ನಿಂತ ಗಾಡಿಯ ಹಾಗೆ ತಾನು ಎಂದು ಅವಳಿಗೆ ಅನ್ನಿಸುತ್ತಿತ್ತು. ಒಮ್ಮೆ ಇದೇ ವಿಷಯಕ್ಕೆ ಹರ್ಷಿತನ ತಂಗಿ ಯಶಸ್ವಿಯ ಜೊತೆ ದೊಡ್ಡ ಜಗಳವಾಗಿತ್ತು. ಹೊಸದಾಗಿ ಮದುವೆಯಾಗಿ ತವರಿಗೆ ಬಂದವಳು ಅಡುಗೆಮನೆಯಲ್ಲಿ ಯಾವುದೋ ಮಾತಿಗೆ ಮಾತು ಬೆಳೆಸಿ, ಮೋಟಾರಿಗೆ ತಂತಿ ತುಂಬಿಸುವ ಕೈಗೆ ತೊಟ್ಟಿಲು ತುಂಬಿಸಲಿಕ್ಕೆ ಆಗುವುದಿಲ್ಲ ಎಂದುಬಿಟ್ಟಿದ್ದಳು. ಶರ್ಮಿಳಾ ಸುಮ್ಮನಿರುವ ಜಾತಿಯೇ? ನಿನ್ನ ತೊಟ್ಟಿಲು ಹೇಗೆ ತುಂಬುತ್ತದೆ ಅಂತ ನಾನೂ ನೋಡುತ್ತೇನೆ ಎಂದು ಸೌಟು ಎತ್ತಿ ಹೇಳಿದ್ದಳು. ಆ ಮಾತು ಕೇಳಿ ದುಗ್ಗಮ್ಮನ ಕೈಯಲ್ಲಿದ್ದ ಚೊಂಬು ಕೆಳಗೆ ಬಿದ್ದಿತ್ತು. ಅಂದು ಹೊರಟುಹೋದ ಯಶಸ್ವಿ ಮತ್ತೆ ತವರಿಗೆ ಕಾಲಿಡಲಿಲ್ಲ. ಗಂಡ ರಾಧಾಕೃಷ್ಣನ ಡ್ರೈವರ್ ಕೆಲಸದ ಹಿಂದೆ ಘಟ್ಟದ ಮೇಲೆ ಎಲ್ಲೋ ಇದ್ದಾಳೆ ಎಂದಷ್ಟೇ ಶರ್ಮಿಳಾಳಿಗೆ ಗೊತ್ತು. ಈ ಮನೆಯಲ್ಲಿ ಅವಳ ಹೆಸರು ಎತ್ತಬೇಡಿ ಎಂದು ತಾನೇ ಅಪ್ಪಣೆ ಕೊಟ್ಟಿದ್ದಳು, ಯಾರೂ ಎತ್ತುತ್ತಿರಲಿಲ್ಲ.

ಬೈಕನ್ನು ಮೊದಲು ಹೈದರನ ಗ್ಯಾರೇಜಿಗೆ ಕೊಂಡುಹೋದದ್ದು ಶರ್ಮಿಳಾಳೇ. ಸುಳ್ಯದಲ್ಲಿ ಗಾಡಿಯ ಕರೆಂಟಿನ ಕೆಲಸಕ್ಕೆ ಹೈದರ್ ಎಂದರೆ ಹೈದರ್. ಅವನು ಬೈಕನ್ನು ಒಂದು ದಿನ ಇಟ್ಟುಕೊಂಡ. ಬ್ಯಾಟರಿ ನೋಡಿದ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ವಯರು ಎಲ್ಲಿಯಾದರೂ ಉಜ್ಜುತ್ತದೋ ನೋಡಿದ, ಹೊಂಡ ಇರುವ ದಾರಿಯನ್ನೇ ಹುಡುಕಿ ಓಡಿಸಿ ಬಂದ. ಫ್ಯೂಸ್ ಜಪ್ಪಯ್ಯ ಎಂದರೂ ಹೋಗಲಿಲ್ಲ.

"ಅಕ್ಕ, ಇದ್ರಲ್ಲಿ ಎಂತದೂ ಇಲ್ಲ," ಎಂದ ಹೈದರ್ ಕೈ ಒರೆಸಿಕೊಳ್ಳುತ್ತಾ. "ಪ್ರಾಬ್ಲಮ್ ಗಾಡಿಯದ್ದಲ್ಲ, ದಾರಿಯದ್ದು ಇರ್ಬೇಕು."

ಅವನು ತಮಾಷೆಗೆ ಹೇಳಿದ್ದು. ಶರ್ಮಿಳಾಳಿಗೆ ಅದು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಗಾಡಿಯಲ್ಲಿ ಇಲ್ಲವೆಂದ ಮೇಲೆ ದಾರಿಯಲ್ಲೇ ಉಂಟು, ಆ ದಾರಿಯ ಕೊನೆಗೆ ಕಡಬ ಉಂಟು.

ಮುಂದಿನ ಆದಿತ್ಯವಾರ ಹರ್ಷಿತ ಕ್ಷೌರಕ್ಕೆ ಹೋದದ್ದೇ ತಡ, ಅವಳು ಅಂಗಡಿಯ ಮೀಟರ್ ತಂದು ಅಂಗಳದಲ್ಲಿ ಬೈಕು ಬಿಚ್ಚಿ ಕೂತಳು. ಸೀಟಿನ ಕೆಳಗೆ ಎಡಬದಿಯ ಪ್ಲಾಸ್ಟಿಕ್ ಮುಚ್ಚಳದ ಒಂದು ಕೊಕ್ಕೆ ಮುರಿದು, ಅಲ್ಲಿ ಕೈಬೆರಳು ಹೋಗುವಷ್ಟು ಸಂದಿ ಬಿಟ್ಟಿತ್ತು. ಒಳಗೆ ಮೊಬೈಲ್ ಚಾರ್ಜರಿನ ವಯರನ್ನು ಮುಖ್ಯ ವಯರಿಗೆ ಸುತ್ತಿ ಕಪ್ಪು ಟೇಪು ಹಚ್ಚಿದ್ದ ಒಂದು ಗಂಟು. ಹರ್ಷಿತನ ಸ್ವಂತ ಕೈಚಳಕ. ಮನೆಯಲ್ಲೇ ತಂತಿಯ ಕೆಲಸದವಳನ್ನು ಇಟ್ಟುಕೊಂಡು ಇಂಥ ಗಂಟು ಹಾಕಿದ್ದಾನಲ್ಲ ಎಂದು ಅವಳು ಮೂಗು ಮುರಿದಳು, ಅಷ್ಟೇ. ಮೀಟರ್ ಹಿಡಿದರೆ ಎಲ್ಲ ಸರಿ ತೋರಿಸುತ್ತಿತ್ತು. ಟೇಪಿನ ಅಂಟು ಬಿಸಿಗೆ ಕರಗಿ ಗಂಟಿನ ಅಡಿಭಾಗ ಬತ್ತಲೆಯಾಗಿದ್ದದ್ದು, ಒಮ್ಮೆ ಬೆರಳು ಹಾಕಿ ತಿರುಗಿಸಿದ್ದರೆ ಕಾಣುತ್ತಿತ್ತು. ಅಂಗಡಿಯಲ್ಲಿ ಬೇರೆಯವರ ಮೋಟಾರು ಆಗಿದ್ದರೆ ತಿರುಗಿಸಿಯೇ ತಿರುಗಿಸುತ್ತಿದ್ದಳು. ಆದರೆ ಅವಳು ಅಲ್ಲಿ ಹುಡುಕುತ್ತಿದ್ದದ್ದು ಬೈಕಿನ ದೋಷವನ್ನಲ್ಲ, ಗಂಡನ ಸುಳ್ಳನ್ನು.

ಮುಚ್ಚಳ ಹಾಕುವ ಮೊದಲು ಅವಳಿಗೊಂದು ಉಪಾಯ ಹೊಳೆಯಿತು. ಒಳಗಿನಿಂದ ಉಗುರುಬಣ್ಣದ ಬಾಟಲಿ ತಂದು, ಬಲಬದಿಯ ಮುಚ್ಚಳದೊಳಗಿದ್ದ ಫ್ಯೂಸಿನ ಬೆನ್ನಿಗೆ ಒಂದು ಕೆಂಪು ಚುಕ್ಕಿ ಇಟ್ಟಳು. ಇನ್ನು ಫ್ಯೂಸ್ ಹೋಯಿತು ಎಂದು ಬರಲಿ, ಚುಕ್ಕಿ ಅಲ್ಲೇ ಇದ್ದರೆ ಕುತ್ತಿಗೆ ಹಿಡಿದು ಕೇಳುವುದು ಎಂದುಕೊಂಡಳು.

ಆ ವಾರವೂ ಅವನು ಕಡಬಕ್ಕೆ ಹೋದ, ತಡವಾಗಿ ಬಂದ, ಅದೇ ಮಾತು ಹೇಳಿದ. ಅವನು ಸ್ನಾನಕ್ಕೆ ಹೋದಾಗ ಅವಳು ಟಾರ್ಚು ಹಿಡಿದು ನೋಡಿದಳು. ಚುಕ್ಕಿಯ ಫ್ಯೂಸ್ ಇರಲಿಲ್ಲ. ಹಳೆಯದು ಅವನ ಅಂಗಿಯ ಕಿಸೆಯಲ್ಲಿ ಸಿಕ್ಕಿತು, ಬೆನ್ನ ಮೇಲೆ ಕೆಂಪು ಚುಕ್ಕಿ, ಹೊಟ್ಟೆಯೊಳಗೆ ಕಪ್ಪು ಮಸಿ. ಹೀಗೆ ಮಸಿ ಹಿಡಿಯುವುದು ತಂತಿಗೆ ನೇರವಾಗಿ ಲೋಹ ತಾಗಿದರೆ ಮಾತ್ರ. ಅಂದರೆ ಫ್ಯೂಸ್ ಹೋದದ್ದು ನಿಜ. ಒಂದು ಗಳಿಗೆ ಅವಳ ಎದೆ ಹಗುರವಾಯಿತು. ಮರುಗಳಿಗೆಯೇ ಸಂಶಯ ಹೊಸ ಬಾಗಿಲಿನಿಂದ ಬಂತು. ಇವನೇ ಒಂದು ತಂತಿ ತಾಗಿಸಿ ಫ್ಯೂಸ್ ಸುಟ್ಟುಕೊಂಡು ಬಂದರೆ? ಹೆಂಡತಿ ತಂತಿಯ ಕೆಲಸದವಳು, ನೋಡಿಯೇ ನೋಡುತ್ತಾಳೆ ಎಂದು ಇವನಿಗೆ ಗೊತ್ತಿಲ್ಲವೇ? ತನ್ನ ಗಂಡ ಇಷ್ಟು ಬುದ್ಧಿವಂತ ಎಂದು ಅವಳಿಗೆ ಮದುವೆಯಾದ ಮೇಲೆ ಮೊದಲ ಸಲ ಅನ್ನಿಸಿತು.

ಬಳೆಯ ಸುದ್ದಿ ಬಂದದ್ದು ಆಮೇಲೆ. ಕಡಬದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ರಮ್ಲತ್ ತನ್ನ ಬಾವಿಯ ಪಂಪು ಸುಟ್ಟುಹೋಯಿತೆಂದು ಶರ್ಮಿಳಾಳ ಅಂಗಡಿಗೆ ಬಂದಿದ್ದಳು. ಹಳೆಯ ಗಿರಾಕಿ, ಮಾತಿನ ಮಲ್ಲಿ. ಪಂಪಿನ ಕಥೆಯೆಲ್ಲ ಹೇಳಿ ಮುಗಿಸಿದ ಮೇಲೆ ಅವಳ ಕಣ್ಣು ಶರ್ಮಿಳಾಳ ಕೈಗೆ ಬಿತ್ತು.

"ಅಲ್ಲ ಶರ್ಮಿಳಕ್ಕ, ನಿಮ್ಮ ಯಜಮಾನ್ರು ಮೊನ್ನೆ ನನ್ನ ಅಂಗಡಿಯಿಂದ ಹಸಿರು ಬಳೆ ತಗೊಂಡ್ರಲ್ಲ, ಹಾಕ್ಲಿಲ್ವಾ? ಅಳತೆ ಸರಿಯಾಯ್ತಾ?"

ತಂತಿ ಸುತ್ತುವ ಕೆಲಸಕ್ಕೆ ಗಾಜಿನ ಬಳೆ ಆಗುವುದಿಲ್ಲ. ಶರ್ಮಿಳಾ ಬಳೆ ತೊಟ್ಟು ವರ್ಷಗಳೇ ಆಗಿದ್ದವು, ಅದು ಹರ್ಷಿತನಿಗೂ ಗೊತ್ತು. ಅಳತೆ ಸ್ವಲ್ಪ ದೊಡ್ಡದಾಯಿತು, ತೆಗೆದಿಟ್ಟಿದ್ದೇನೆ ಎಂದು ಅವಳು ರಮ್ಲತ್‌ಗೆ ಹೇಳಿದಳು. ಹೊರಗಿನವರ ಮುಂದೆ ಮಾನ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಆ ಮಧ್ಯಾಹ್ನ ಅವಳು ಸುತ್ತಿದ ಮೋಟಾರಿನಲ್ಲಿ ಸುತ್ತುಗಳ ಲೆಕ್ಕ ತಪ್ಪಿತು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತಬೇಕಾಯಿತು. ಅವಳಿಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಕೋಪ ಬರುತ್ತಿತ್ತು. ಮಕ್ಕಳಿಲ್ಲದ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಕೈಗೆ ಬಳೆ ತೊಡಿಸುವ ಗಂಡಸರ ಕಥೆ ಅವಳು ಕೇಳದ್ದೇನಲ್ಲ. ಆದರೆ ಹರ್ಷಿತ ಅಂಥವನು ಎಂದು ನಂಬಬೇಕಾಗಿ ಬಂದರೆ ಆಮೇಲೆ ಬದುಕಿನಲ್ಲಿ ನಂಬುವುದಕ್ಕೆ ಯಾರೂ ಉಳಿಯುವುದಿಲ್ಲ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

ಮತ್ತೆ ಕಡಬದ ದಿನ ಬಂತು. ಹರ್ಷಿತ ಎಂದಿನ ಹಾಗೆ, ಇವತ್ತು ನೀನು ಜೀಪಿನಲ್ಲಿ ಹೋಗು ಎಂದ. ಶರ್ಮಿಳಾ ಎಂದಿನ ಹಾಗೆ ಕೊಡೆ, ಚೀಲ ಹಿಡಿದು ಹೊರಟಳು. ಜೀಪು ಹತ್ತಿದವಳು ಮುಂದಿನ ತಿರುವಿನಲ್ಲೇ ಏನೋ ಮರೆತೆ ಎಂದು ಇಳಿದಳು. ಒಂದೂವರೆ ಗಂಟೆ ಅಲ್ಲೇ ಅಂಗಡಿ ಜಗಲಿಯಲ್ಲಿ ಕಾದು, ಗುಡ್ಡೆಯ ದಾರಿ ಹಿಡಿದು ಮನೆಯ ಹಿಂದಿನ ಕೊಟ್ಟಿಗೆಗೆ ಬಂದು ಸೌದೆಯ ರಾಶಿಯ ಮರೆಯಲ್ಲಿ ನಿಂತಳು. ತನ್ನದೇ ಮನೆಗೆ ಕಳ್ಳಿಯ ಹಾಗೆ ಬಂದದ್ದಕ್ಕೆ ನಾಚಿಕೆಯಾಯಿತು. ಆದರೂ ನಿಂತಳು.

ಮೊದಲು ಮೂಗಿಗೆ ಬಡಿದದ್ದು ವಾಸನೆ. ಅದೇ ಕರಿಮೆಣಸು, ಅದೇ ಹುರಿದ ಕಾಯಿ, ಅದೂ ತನ್ನದೇ ಅಡುಗೆಮನೆಯ ಕಿಟಕಿಯಿಂದ. ಒರಳಿನ ಪಕ್ಕದಲ್ಲಿ ಕೋಳಿಯ ಪುಕ್ಕದ ರಾಶಿ ಬಿದ್ದಿತ್ತು. ಕಬ್ಬೆಕ್ಕು ಯಾರೆಂದು ಅವಳಿಗೆ ಆಗ ಗೊತ್ತಾಯಿತು. ದುಗ್ಗಮ್ಮ ಸ್ಟೀಲಿನ ಬುತ್ತಿಯ ಬಾಯಿಗೆ ಬಾಳೆಲೆ ಕಟ್ಟಿ ಚೀಲದಲ್ಲಿಟ್ಟು ಅಂಗಳಕ್ಕೆ ತಂದಳು. ಹರ್ಷಿತ ಹೆಲ್ಮೆಟ್ ತರಲು ಒಳಗೆ ಹೋದ. ಮುದುಕಿ ಅತ್ತ ಇತ್ತ ನೋಡಿ, ಸೆರಗಿನ ಗಂಟು ಬಿಚ್ಚಿ, ಏನನ್ನೋ ತೆಗೆದು ಬೈಕಿಗೆ ಒಂದು ಸಲ ನಿವಾಳಿಸಿ, ಸೀಟಿನ ಕೆಳಗಿನ ಆ ಮುರಿದ ಮುಚ್ಚಳದ ಸಂದಿಯಲ್ಲಿ ತುರುಕಿದಳು. ತುಟಿ ಏನೋ ಮಣಮಣ ಎನ್ನುತ್ತಿತ್ತು.

ಶರ್ಮಿಳಾ ಸೌದೆಯ ಮರೆಯಿಂದ ನೇರವಾಗಿ ನಡೆದು ಬಂದಳು. ದುಗ್ಗಮ್ಮ ಕಂಡ ಕೂಡಲೇ ಅಲ್ಲೇ ಕಲ್ಲಾದಳು. ಹೆಲ್ಮೆಟ್ ಹಿಡಿದು ಹೊರಬಂದ ಹರ್ಷಿತನೂ ಮೆಟ್ಟಿಲಲ್ಲೇ ನಿಂತ. ಅವಳು ಇಬ್ಬರನ್ನೂ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಸಂದಿಗೆ ಬೆರಳು ಹಾಕಿ ಎಳೆದಳು. ಬಂದದ್ದು ಹಳೆಯ ಕತ್ತಿಯ ಮುರಿದ ಮೂತಿ, ಬೆರಳುದ್ದದ ಕಬ್ಬಿಣ. ಅದರ ಅಂಚಿನಲ್ಲಿ ಅಲ್ಲಲ್ಲಿ ಸಾಸಿವೆಯಷ್ಟು ಕರಗಿದ ಗುಳಿಗಳು, ಗುಳಿಗಳ ಬಾಯಿಯಲ್ಲಿ ತಾಮ್ರದ ಕೆಂಪು. ಮತ್ತೆ ಬೆರಳು ಹಾಕಿ ಚಾರ್ಜರಿನ ಗಂಟನ್ನು ತಿರುಗಿಸಿದಳು. ಟೇಪು ಜಾರಿ, ಬತ್ತಲೆ ತಾಮ್ರ ಕೈಗೆ ಸಿಕ್ಕಿತು. ಉಬ್ಬು ಹಾರಿದಾಗ ಈ ಕಬ್ಬಿಣ ನೆಗೆದು ಒಂದು ಬದಿ ಗಂಟಿಗೆ, ಇನ್ನೊಂದು ಬದಿ ಬೈಕಿನ ಎಲುಬಿಗೆ ತಾಗುವುದು, ಫ್ಯೂಸ್ ಹೋಗುವುದು. ಕಬ್ಬಿಣ ಇಲ್ಲದ ದಿನ ಹೈದರನಲ್ಲ, ಹೈದರನ ಅಜ್ಜ ಬಂದರೂ ದೋಷ ಸಿಗುತ್ತಿರಲಿಲ್ಲ.

"ಇದು ಯಾರು ಇಟ್ಟದ್ದು?" ಎಂದಳು.

ಹರ್ಷಿತ ಬಗ್ಗಿ ನೋಡಿದ. ಅವನ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ, ಅಷ್ಟನ್ನು ಓದಲು ಅವಳಿಗೆ ಮೀಟರ್ ಬೇಕಿರಲಿಲ್ಲ.

"ನಾನು ಇಟ್ಟದ್ದು," ಎಂದಳು ದುಗ್ಗಮ್ಮ. "ಕೋಳಿ ಸಾರು ಹಿಡ್ಕೊಂಡು ಹೊಳೆ, ಕಾಡು ದಾಟಿ ಹೋಗುವಾಗ ಕಬ್ಬಿಣ ಇಲ್ಲದೆ ಕಳಿಸ್ಲಿಕ್ಕೆ ಆಗ್ತದಾ? ಇವನಿಗೆ ಹೇಳಿದ್ರೆ ನೆಗಾಡ್ತಾನೆ. ಅದಕ್ಕೆ ಕಾಣದ ಹಾಗೆ ಇಡುದು, ಸಂಜೆ ಬಂದ ಮೇಲೆ ತೆಗೆಯುದು."

ಅದೇನು ಹೊಸ ಮಾತಲ್ಲ. ಮಾಂಸದ ಅಡುಗೆ ದಾರಿ ಹಿಡಿದರೆ ಅದರ ವಾಸನೆಗೆ ಕಣ್ಣಿಗೆ ಕಾಣದವು ಹಿಂದೆ ಬರುತ್ತವೆ ಎಂದು ಶರ್ಮಿಳಾಳ ತಾಯಿಯೂ ಬುತ್ತಿಯ ಜೊತೆ ಒಂದು ಆಣಿ ಇಡುತ್ತಿದ್ದಳು. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪೀಡೆ ಓಡಿಸಲು ಇಟ್ಟ ಕಬ್ಬಿಣ ಬೈಕನ್ನೇ ಹಿಡಿದು ನಿಲ್ಲಿಸುತ್ತಿತ್ತಲ್ಲ. ಆದರೆ ಅವಳು ಕೇಳಬೇಕಾದ ಪ್ರಶ್ನೆ ಇನ್ನೂ ಬಾಯಲ್ಲೇ ಇತ್ತು.

"ಸಾರು ಯಾರಿಗೆ?"

ಅಮ್ಮ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಹರ್ಷಿತನೇ ಹೇಳಿದ.

"ಯಶಸ್ವಿಗೆ."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ಎಲ್ಲವನ್ನೂ ಹೇಳಿದ. ರಾಧಾಕೃಷ್ಣನಿಗೆ ಕಡಬದಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಬಂದು ಬಾಡಿಗೆ ಮನೆ ಮಾಡಿದ್ದಾರೆ. ಯಶಸ್ವಿಗೆ ಈಗ ಏಳು ತಿಂಗಳು. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅಮ್ಮನ ಕೈಯ ಕೋಳಿ ಸಾರು ಒಂದು ಬಿಟ್ಟು. ಬಳೆಯೂ ಅವಳಿಗೇ, ಬಸುರಿಗೆ ತವರಿನ ಹಸಿರು ಬಳೆ ಬೇಡವೇ ಎಂದು ಅಮ್ಮ ಹೇಳಿ ತರಿಸಿದ್ದು.

ಶರ್ಮಿಳಾಳಿಗೆ ಮೊದಲು ಆದದ್ದು ಸಮಾಧಾನ. ಅವಳು ಬೈಕಿಗೆ ಕೈ ಊರಿದಳು. ಗಂಡ ತನ್ನವನೇ, ಎಲ್ಲಿಗೂ ಹೋಗಿಲ್ಲ. ಆದರೆ ಆ ಸಮಾಧಾನ ಒಂದು ಉಸಿರು ಒಳಗೆಳೆದು ಬಿಡುವಷ್ಟು ಹೊತ್ತೂ ಉಳಿಯಲಿಲ್ಲ. ಇನ್ನೊಬ್ಬ ಹೆಂಗಸು ಇದ್ದಿದ್ದರೆ ಬೈದು, ಹೊಡೆದು, ಊರು ಒಂದು ಮಾಡಿ ಅವಳು ಜಗಳವಾಡಬಹುದಿತ್ತು. ಇದಕ್ಕೆ ಯಾರ ಹತ್ತಿರ ಜಗಳವಾಡುವುದು? ಒಂದೇ ಸೂರಿನಡಿ ಉಂಡು ಮಲಗುವ ಇಬ್ಬರು, ಅವಳು ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಒಲೆ ಹೊತ್ತಿಸಿ, ಅವಳು ಬರುವ ಮೊದಲು ಪಾತ್ರೆ ತೊಳೆದಿಡುತ್ತಿದ್ದರು. ಅಷ್ಟು ಹೆದರುತ್ತಿದ್ದರು.

"ನಂಗೆ ಯಾಕೆ ಹೇಳ್ಲಿಲ್ಲ?"

"ಅವಳ ಹೆಸರು ಎತ್ತಬೇಡಿ ಅಂತ ನೀನೇ ಹೇಳಿದ್ದಲ್ವಾ," ಎಂದ ಹರ್ಷಿತ. ನಿನಗೆ ಬೇಸರ ಆಗುತ್ತದೆ ಅಂತ ಬಿಟ್ಟದ್ದು ಎಂದು ದುಗ್ಗಮ್ಮ ನೆಲ ನೋಡುತ್ತಾ ಸೇರಿಸಿದಳು. ಆದರೆ ಆ ನೋಟ ನೆಲದಲ್ಲಿ ನಿಲ್ಲಲಿಲ್ಲ. ಶರ್ಮಿಳಾಳ ಕೈಯಲ್ಲಿದ್ದ ಕಬ್ಬಿಣಕ್ಕೆ ಹೋಗಿ, ಬೇಗ ಹಿಂದೆ ಬಂತು. ಶರ್ಮಿಳಾಳಿಗೆ ಸೌಟು ಎತ್ತಿ ಹೇಳಿದ ತನ್ನ ಮಾತು ನೆನಪಾಯಿತು. ಅಂದು ಕೆಳಗೆ ಬಿದ್ದ ಚೊಂಬಿನ ಸದ್ದೂ ನೆನಪಾಯಿತು.

"ಅತ್ತೆ, ಒಂದು ಕೇಳ್ತೇನೆ. ಈ ಕಬ್ಬಿಣ ದಾರಿಯ ಪೀಡೆಗಾ, ಅಲ್ಲ ನನ್ನ ಕಣ್ಣಿಗಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆ ಹೊತ್ತು ದಾಟಿಹೋಯಿತು. ದುಗ್ಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕಬ್ಬೆಕ್ಕಿನ ಸುಳ್ಳು ಹೇಳಿದ ಬಾಯಿಗೆ ಈ ಸುಳ್ಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು ಎಂದು ಶರ್ಮಿಳಾಳಿಗೆ ಅನ್ನಿಸಿತು.

ಅವಳು ಒಳಗೆ ಹೋಗಿ ತನ್ನ ಕೆಲಸದ ಚೀಲ ತಂದಳು. ಗಂಟು ಬಿಚ್ಚಿ, ತಾಮ್ರ ಉಜ್ಜಿ, ಹೊಸದಾಗಿ ಹೊಸೆದು, ಬೆಸುಗೆ ಹಾಕಿ, ಮೇಲಿಂದ ರಬ್ಬರಿನ ಕೊಳವೆ ಏರಿಸಿ ಬಿಗಿ ಮಾಡಿದಳು. ಕೆಲಸ ಮಾಡುವಷ್ಟು ಹೊತ್ತೂ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಹರ್ಷಿತನ ಗಂಟನ್ನು ಬೈಯುತ್ತಿತ್ತು. ಕರು ಕಟ್ಟುವ ಹಗ್ಗಕ್ಕೂ ಇದಕ್ಕಿಂತ ಒಳ್ಳೆಯ ಗಂಟು ಹಾಕುತ್ತಾರೆ, ಎರಡು ಕಣ್ಣು ಯಾಕೆ ಇಟ್ಟುಕೊಂಡಿದ್ದೀರಿ ಎಂದೆಲ್ಲ ಬೈದಳು. ಅವನು ಬೈಗುಳವನ್ನು ಪ್ರಸಾದದ ಹಾಗೆ ತೆಗೆದುಕೊಂಡ. ಬೈಯುತ್ತಿದ್ದಾಳೆ ಎಂದರೆ ಸಂಸಾರ ಉಳಿಯಿತು ಎಂಬಷ್ಟು ಬುದ್ಧಿ ಅವನಿಗಿತ್ತು.

ಮುಚ್ಚಳ ಹಾಕಿ ಎದ್ದವಳು ಕೈ ತೊಳೆದು, ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ತಾನೂ ಕಡಬಕ್ಕೆ ಬರುವುದು ಎಂದಳು. ಈಗ ಸಂಶಯ ಪಡುವ ಸರದಿ ಅವರದ್ದಾಯಿತು. ಇವಳು ಅಲ್ಲಿ ಹೋಗಿ ಏನು ಮಾಡುತ್ತಾಳೋ, ಬಾಯಿಂದ ಏನು ಬರುತ್ತದೋ ಎಂದು ಅಮ್ಮ ಮಗನ ಮುಖದಲ್ಲಿ ಎದ್ದು ಕಾಣುತ್ತಿತ್ತು. ದುಗ್ಗಮ್ಮನ ಕೈಗೆ ಕಬ್ಬಿಣ ಮತ್ತೆ ಸೇರಿಕೊಂಡಿತ್ತು. ಇಡದೆ ಕಳಿಸುವ ಧೈರ್ಯವಿಲ್ಲ, ಸೊಸೆಯ ಎದುರು ಇಡುವ ಮುಖವೂ ಇಲ್ಲ. ಶರ್ಮಿಳಾ ತಾನೇ ಕೈ ಚಾಚಿದಳು.

"ಕೊಡಿ. ನನ್ನ ಕೈಯಲ್ಲೇ ಇರ್ಲಿ."

ಮುದುಕಿ ಕೊಟ್ಟಳು. ಕಬ್ಬಿಣ ಸೊಸೆಯ ಅಂಗೈಗೆ ತಾಗುವಾಗ ಅವಳ ಕಣ್ಣು ಒಂದು ಕ್ಷಣ ಅಲ್ಲೇ ನೆಟ್ಟಿತ್ತು. ಪೀಡೆಗೆ ಕಬ್ಬಿಣ ತಾಗಬಾರದಂತೆ. ಏನೂ ಆಗಲಿಲ್ಲ, ಆಗುವುದಾದರೂ ಏನು?

ಸುಳ್ಯ, ಬೆಳ್ಳಾರೆ, ನಿಂತಿಕಲ್ಲು ದಾಟಿದರು. ಮಡಿಲಲ್ಲಿ ಬುತ್ತಿಯ ಚೀಲ ಬೆಚ್ಚಗಿತ್ತು, ಮುಷ್ಟಿಯೊಳಗೆ ಕಬ್ಬಿಣ ಬೆವರಿತ್ತು. ಪಂಜ ದಾಟಿದ ಮೇಲೆ ಅವನು ಹೇಳುತ್ತಿದ್ದ ಇಳಿಜಾರು ನಿಜವಾಗಿಯೂ ಬಂತು, ಮೋರಿಯೂ ಬಂತು. ಉಬ್ಬಿನ ಮೇಲೆ ಬೈಕು ಎಗರಿ ಬಿತ್ತು. ಎಂಜಿನ್ ಕೂಗುತ್ತಲೇ ಇತ್ತು. ಹರ್ಷಿತ ಖುಷಿಯಿಂದ ಹಾರ್ನ್ ಬಾರಿಸಿ, ನೋಡಿದೆಯಾ, ನಿಲ್ಲಲಿಲ್ಲ ಎಂದ.

"ನಿಲ್ಸಿ," ಎಂದಳು ಶರ್ಮಿಳಾ.

ಇಳಿದು ಮೋರಿಯ ಕಟ್ಟೆಯ ಮೇಲೆ ಕೂತಳು. ಏನಾಯಿತು ಎಂದು ಅವನು ಕೇಳಿದ್ದಕ್ಕೆ, ತನಗೆ ಹೆದರಿಕೆಯಾಗುತ್ತದೆ ಎಂದಳು. ಯಶಸ್ವಿ ಬಾಗಿಲು ಹಾಕಿಕೊಂಡರೆ? ತನ್ನನ್ನು ಕಂಡ ಹೆದರಿಕೆಗೇ ಅವಳಿಗೆ ಏನಾದರೂ ಆದರೆ? ಆಮೇಲೆ ಅತ್ತೆಯ ಕಬ್ಬಿಣವೇ ನಿಜವಾಗುವುದಿಲ್ಲವೇ? ಇಷ್ಟು ವರ್ಷ ಬಾಯಿಯ ಬಲದಲ್ಲಿ ಬದುಕಿದ ಹೆಂಗಸು ಹೀಗೆ ಕೇಳಿದ್ದನ್ನು ನೋಡಿ ಹರ್ಷಿತ ಹೆಲ್ಮೆಟ್ ತೆಗೆದ. ಬೈಕು ಬಂದ್ ಮಾಡಿ ಪಕ್ಕದಲ್ಲಿ ಕೂತ.

"ನಾನು ವಾಪಸ್ ಬರುವಾಗ ಇಲ್ಲೇ ಕೂರುದು," ಎಂದ. "ನಿನ್ಹತ್ರ ಎಂತ ಹೇಳುದು ಅಂತ ಯೋಚನೆ ಮಾಡ್ಕೊಂಡು."

ಐದು ನಿಮಿಷದ ಕೆಲಸಕ್ಕೆ ಅಷ್ಟು ಹೊತ್ತು ಎಲ್ಲಿ ಹೋಗುತ್ತಿತ್ತು ಎಂಬ ಅವಳ ಲೆಕ್ಕಕ್ಕೆ ಉತ್ತರ ಸಿಕ್ಕಿತು. ಅವಳು ಮೂಗು ಒರೆಸಿಕೊಂಡು ಎದ್ದಳು. ಸಾರು ತಣ್ಣಗಾಗುತ್ತದೆ, ನಡೆಯಿರಿ ಎಂದಳು.

ಕಡಬದ ಪೇಟೆಯ ಹಿಂದೆ, ಒಂದು ಹಿಟ್ಟಿನ ಗಿರಣಿಯ ಪಕ್ಕದ ಸಣ್ಣ ಮನೆ. ಬೈಕಿನ ಸದ್ದು ಕೇಳಿ ಯಶಸ್ವಿ ತಾನೇ ಬಾಗಿಲು ತೆರೆದಳು. ಮುಖ ಬತ್ತಿ ಕಣ್ಣಷ್ಟೇ ಉಳಿದಿತ್ತು, ಕೈತುಂಬ ಹಸಿರು ಬಳೆ. ಅಣ್ಣನನ್ನು ನೋಡಿ ನಗಲು ಹೊರಟ ಮುಖ, ಅವನ ಹಿಂದೆ ನಿಂತಿದ್ದವಳನ್ನು ಕಂಡು ಅರ್ಧಕ್ಕೇ ನಿಂತಿತು. ಅವಳ ಕೈ ತಾನಾಗಿ ಹೋಗಿ ಮೈಮೇಲಿನ ಶಾಲನ್ನು ಎಳೆದು ಹೊಟ್ಟೆಯನ್ನು ಮುಚ್ಚಿತು.

ಶರ್ಮಿಳಾ ಅದನ್ನು ನೋಡಿದಳು. ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಶಾಲಿನ ಹಿಂದೆ ಹೋಗಿಬಿಟ್ಟವು. ಅವಳು ಒಂದು ಹೆಜ್ಜೆಯನ್ನೂ ಮುಂದಿಡದೆ, ನಿಂತಲ್ಲೇ ಮುಷ್ಟಿ ಬಿಚ್ಚಿ ಅಂಗೈ ತೋರಿಸಿದಳು. ಅಂಗೈಯಲ್ಲಿ ಕಬ್ಬಿಣದ ಗುರುತು ಕೆಂಪಗೆ ಮೂಡಿತ್ತು.

"ಹೆದರ್ಬೇಡ ಯಶಸ್ವಿ. ಕಬ್ಬಿಣ ನನ್ನ ಕೈಯಲ್ಲೇ ಉಂಟು."

ಯಶಸ್ವಿ ಆ ಮುರುಕನ್ನು ನೋಡಿದಳು. ಚಿಕ್ಕಂದಿನಿಂದ ನೋಡಿದ ಅಮ್ಮನ ಕತ್ತಿಯ ತುಂಡು, ಗುರುತಾಗದೆ ಇರುತ್ತದೆಯೇ? ಆಮೇಲೆ ಅದನ್ನು ಹಿಡಿದ ಕೈಯನ್ನು ನೋಡಿದಳು, ಅತ್ತಿಗೆಯ ಮುಖವನ್ನು ನೋಡಿದಳು. ಶಾಲು ಹಿಡಿದಿದ್ದ ಕೈ ಮೆಲ್ಲಗೆ ಸಡಿಲಾಗಿ ಕೆಳಗೆ ಬಂತು, ಬಳೆಗಳು ಸದ್ದು ಮಾಡಿದವು. ಒಳಗೆ ಬನ್ನಿ ಅತ್ತಿಗೆ ಎಂದು ಅವಳು ಪಕ್ಕಕ್ಕೆ ಸರಿದಳು.

ಶರ್ಮಿಳಾ ಬಗ್ಗಿ ಕಬ್ಬಿಣವನ್ನು ಹೊಸಿಲಿನ ಹೊರಗೆ ಇಟ್ಟಳು. ಆಮೇಲೆ ಸಾರಿನ ಚೀಲ ಎತ್ತಿಕೊಂಡು ಒಳಗೆ ಹೋದಳು.